ತಳ್ಳುವ ಬೆರಳು

ಬೆರಳಿನ ಒಂದು ಚಲನೆಗೆ ನೀತಿ ಅನೀತಿಯ ಪ್ರಶ್ನೆ ಉಂಟೇ? ಹೊಡೆಯಲು ಎತ್ತಿದ ಕೈಗೆ ಅರ್ಥವಿದೆ, ಮುಗಿಯಲು ಜೋಡಿಸಿದ ಕೈಗೂ ಇದೆ. ಗಾಜಿನ ಮೇಲೆ ಹೆಬ್ಬೆರಳನ್ನು ಒಂದಂಗುಲ ಜಾರಿಸುವುದರಲ್ಲಿ ಏನಿದೆ ಎಂದು ಕೇಳುವವರು ಇದ್ದಾರೆ. ನಾನೂ ಬಹುಕಾಲ ಅದನ್ನು ಕೆಮ್ಮಿನಂತೆ, ಆಕಳಿಕೆಯಂತೆ ಒಂದು ದೇಹಧರ್ಮವೆಂದೇ ಎಣಿಸಿದ್ದೆ. ಈಗ ಹಾಗೆ ಅನಿಸುತ್ತಿಲ್ಲ.

ತೊಂಡಾಮುತ್ತೂರಿನ ನಮ್ಮ ಮನೆಗಳಲ್ಲಿ ಈ ಕ್ರಿಯೆಗೆ ಇಟ್ಟುಕೊಂಡ ಹೆಸರು ‘ತಳ್ಳು’. ಪಕ್ಕದ ತಮಿಳರ ಬಾಯಲ್ಲೂ ಅದೇ ಮಾತು. ಮಲಯಾಳಕ್ಕೂ ಆ ಧಾತು ಹೊಸದಲ್ಲ. ಬೆಂಗಳೂರಿನವರು ಸ್ವೈಪ್ ಎನ್ನುತ್ತಾರೆ. ಬರೆಯುವವರು ಕೆಲವರು ‘ಸವರು’ ಎಂದೂ ಬಳಸುತ್ತಾರೆ. ಸವರು ಎಂಬುದು ವಿಚಿತ್ರವಾದ ಮಾತು. ಮಗುವಿನ ತಲೆಗೆ ಎಣ್ಣೆ ಸವರುತ್ತೇವೆ, ಬೇಲಿಯ ಕೊಂಬೆಯನ್ನೂ ಸವರುತ್ತೇವೆ. ಪ್ರೀತಿಯೂ ಕತ್ತಿಯೂ ಒಂದೇ ಮಾತಿನಲ್ಲಿ ಕೂತಿವೆ. ತಳ್ಳು ಎಂಬುದರಲ್ಲಿ ಆ ಗೊಂದಲವಿಲ್ಲ. ಬೇಡವಾದದ್ದನ್ನು ಆಚೆ ಕಳಿಸುವುದು, ಅಷ್ಟೇ.

ನಮ್ಮ ವಿಚಾರ ಈ ವಾರ್ಷಿಕದ ಕಾಸರಗೋಡಿನ ಓದುಗರಿಗೆ ಅಷ್ಟಾಗಿ ತಿಳಿದಿರಲಿಕ್ಕಿಲ್ಲ. ವೆಳ್ಳಿಯಂಗಿರಿ ಬೆಟ್ಟದ ಬುಡದಲ್ಲಿ, ನೊಯ್ಯಲ್ ಹೊಳೆ ಹುಟ್ಟಿ ಹರಿಯುವ ಸೀಮೆಯಲ್ಲಿ ಅಡಿಕೆ, ತೆಂಗು, ಬಾಳೆ, ಸಣ್ಣ ಈರುಳ್ಳಿ ಬೆಳೆದುಕೊಂಡು ಬಂದ ಕನ್ನಡದ ಒಕ್ಕಲಿಗರು ನಾವು. ಕೊಯಮತ್ತೂರಿನಲ್ಲಿ ಮಗ್ಗ ಹೂಡಿದ ದೇವಾಂಗರ ಮನೆಮಾತೂ ಕನ್ನಡವೇ. ಈ ಸೀಮೆ 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಆಮೇಲೆ ಮದರಾಸಿಗೆ ಸೇರಿತು. 1956ರಲ್ಲಿ ನೀವು ಕೇರಳದ ಪಾಲಾದಿರಿ. ಅದೇ ವರ್ಷ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರಿಗೆ ಹೋಯಿತು. ನಾವು ಇದ್ದಲ್ಲೇ ಉಳಿದೆವು. ನಿಮಗೆ ಕನ್ನಡ ಶಾಲೆಗಳಿವೆ, ಅವುಗಳಿಗಾಗಿ ಹೋರಾಡುವ ಛಲವೂ ಇದೆ. ನನ್ನ ತಲೆಮಾರು ಓದಿದ್ದು ತಮಿಳು ಶಾಲೆಯಲ್ಲಿ. ನಮ್ಮ ಕನ್ನಡ ಬಾಯಲ್ಲಿದೆ, ಕಣ್ಣಲ್ಲಿಲ್ಲ. ನಾನು ಅಕ್ಷರ ಕಲಿತದ್ದು ಮೀಸೆ ನರೆಯುವ ಹೊತ್ತಿಗೆ. ತಮಿಳನ್ನು ದೂರುತ್ತಿದ್ದೇನೆಂದು ಯಾರೂ ತಿಳಿಯಬಾರದು. ಅದನ್ನು ದೂರಿದರೆ ಉಂಡ ಅನ್ನವನ್ನು ದೂರಿದ ಹಾಗೆ.

ಇನ್ನು ಬೆರಳಿನ ವಿಷಯ. ಇದರ ಮೂಲ ಹುಡುಕಿದರೆ ಸಿಗುವುದು ಒಂದು ಕೈನೋವು. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ವೇಯ್ನ್ ವೆಸ್ಟರ್‌ಮನ್ ಎಂಬ ಸಂಶೋಧಕನಿಗೆ ಕೀಲಿಮಣೆ ಕುಟ್ಟಿ ಕುಟ್ಟಿ ಕೈ ಸೋತಿತ್ತು. ಒತ್ತುವ ಬದಲು ಮೆಲ್ಲಗೆ ತಾಗಿಸಿ ಸರಿಸಿದರೆ ಸಾಕಾಗುವಂಥ ಹಲಗೆಯೊಂದನ್ನು ಅವನೂ ಅವನ ಗುರುವೂ ರೂಪಿಸಿದರು. ಅವರ ಫಿಂಗರ್‌ವರ್ಕ್ಸ್ ಕಂಪನಿಯನ್ನು 2005ರಲ್ಲಿ ಆಪಲ್ ಕೊಂಡುಕೊಂಡಿತು. 2007ರಲ್ಲಿ ಐಫೋನ್ ಬಂತು. ಬೀಗ ತೆಗೆಯಲು ಬೆರಳನ್ನು ಎಡದಿಂದ ಬಲಕ್ಕೆ ಸರಿಸಬೇಕಾಗಿತ್ತು. ಆ ಬೀಗದ ಪದ್ಧತಿ 2016ರಲ್ಲಿ ಹೋಯಿತು, ಮಾರನೆಯ ವರ್ಷ ಬಂದ ಫೋನಿನಲ್ಲಿ ಕೆಳಗಿನ ಗುಂಡಿಯೂ ಹೋಯಿತು. 2019ರ ಆಂಡ್ರಾಯ್ಡ್‌ನಲ್ಲಿ ಹಿಂದೆ ಹೋಗಲು ಅಂಚಿನಿಂದ ಒಳಕ್ಕೆ, ಮನೆಗೆ ಬರಲು ಬುಡದಿಂದ ಮೇಲಕ್ಕೆ ತಳ್ಳುವ ಏರ್ಪಾಡು ಬಂತು. ಗುಂಡಿಗೆ ಒಂದು ಗುರುತಾದರೂ ಇರುತ್ತದೆ. ಈ ಸನ್ನೆಗಳಿಗೆ ಅದೂ ಇಲ್ಲ, ಯಾರಾದರೂ ಹೇಳಿಕೊಡಬೇಕು. ನೋವಿನಿಂದ ಬಿಡಿಸಲು ಹುಟ್ಟಿದ ಉಪಾಯ ಇದು ಎಂಬುದನ್ನು ನೆನಪಿಡಬೇಕು. ಮುಂದೆ ನಾನು ಆಡುವ ಕಟುಮಾತು ಆ ಮನುಷ್ಯನ ಮೇಲಲ್ಲ.

ನಮ್ಮ ದೊಡ್ಡವ್ವನಿಗೆ ಎಪ್ಪತ್ತು ದಾಟಿದೆ. ಅವಳಿಗೆ ತಮಿಳೂ ಓದಲು ಬಾರದು, ಕನ್ನಡವಂತೂ ಇಲ್ಲ. ಮಗ ಫೋನು ತಂದುಕೊಟ್ಟ. ಗಾಜು ಅವಳ ಬೆರಳನ್ನು ಒಪ್ಪಲಿಲ್ಲ. ಅದಕ್ಕೆ ಕಾರಣವಿದೆ. ಗಾಜಿನ ಅಡಿಯಲ್ಲಿ ವಿದ್ಯುತ್ತಿನ ತೆಳುವಾದ ಬಲೆ ಹರಡಿರುತ್ತದೆ, ಬೆರಳು ತಾಗಿದಲ್ಲಿ ಆ ಬಲೆಯ ವಿದ್ಯುತ್ತು ಚೂರು ಬದಲಾಗುತ್ತದೆ, ಆ ಬದಲಾವಣೆಯನ್ನೇ ಯಂತ್ರ ಓದುತ್ತದೆ. ಚರ್ಮ ಒಣಗಿ ದಡ್ಡುಗಟ್ಟಿದ್ದರೆ ಬದಲಾವಣೆ ಸಾಲದಾಗುತ್ತದೆ. ಅಡಿಕೆ ಸುಲಿದು, ಈರುಳ್ಳಿ ಕಿತ್ತು ಬದುಕಿದ ಕೈ ಅದು. “ಇದು ನನ್ನ ಬೆರಳ ಒಲ್ಲೆ ಅಂತದಲ್ಲೋ” ಎಂದಳು. ಏಳು ವರ್ಷದ ಮೊಮ್ಮಗ ಪಕ್ಕದಲ್ಲಿ ಕೂತು, ಅವಳ ತೋರುಬೆರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ತನ್ನ ಕೈಯಲ್ಲಿ ಹಿಡಿದುಕೊಂಡು, “ಒತ್ತಬ್ಯಾಡ ಅಜ್ಜಿ, ಮೆಲ್ಲಗೆ ತಳ್ಳು” ಎಂದ.

ವಿಜಯದಶಮಿಯ ದಿನ ನಿಮ್ಮ ಕಡೆ ತಟ್ಟೆಯಲ್ಲಿ ಅಕ್ಕಿ ಹರಡಿ, ಹಿರಿಯರು ಮಗುವಿನ ಬೆರಳು ಹಿಡಿದು ಅಕ್ಷರ ಬರೆಸುತ್ತಾರಲ್ಲ, ಅದನ್ನು ತಿರುಗಿಸಿ ನೋಡಿದ ಹಾಗಿತ್ತು. ಅಕ್ಕಿ ಬೆರಳಿಗೆ ಕೊಂಚ ಅಡ್ಡಬರುತ್ತದೆ, ಗೆರೆ ಬಿದ್ದಲ್ಲಿ ತಟ್ಟೆ ಕಾಣುತ್ತದೆ, ಅಳಿಸಬೇಕಾದರೆ ಅಂಗೈ ಬೇಕು. ಗಾಜಿನಲ್ಲಿ ಗೆರೆಯೂ ಇಲ್ಲ, ಅಳಿಸುವ ಕೆಲಸವೂ ಇಲ್ಲ.

ಆದರೂ ಅವಳಿಗೆ ಅದರಿಂದ ಆದ ಲಾಭವನ್ನು ಮರೆಮಾಚಬಾರದು. ಓದು ಬಾರದವಳಿಗೆ ಈ ತಳ್ಳುವಿಕೆ ಹೊಸ ಬಾಗಿಲಾಯಿತು. ಹಾಗೇ ತಳ್ಳುತ್ತಿದ್ದಾಗ ಒಂದು ಸಂಜೆ ಕಂಸಾಳೆಯವರು ಕುಣಿದು ಹಾಡುವ ಮಾದಪ್ಪನ ಪದ ಬಂತು. ಮಲೆ ಮಹದೇಶ್ವರ ಬೆಟ್ಟವಿದ್ದದ್ದು ಅದೇ ಕೊಳ್ಳೇಗಾಲ ತಾಲೂಕಿನಲ್ಲಿ. ಒಂದು ಕಾಲಕ್ಕೆ ಅದೂ ನಾವೂ ಒಂದೇ ಜಿಲ್ಲೆ. “ಇವರು ನಮ್ಮ ಮಾತು ಆಡ್ತಾರೆ” ಎಂದು ಅವಳು ಕೂಗಿದ್ದು ಅಂಗಳಕ್ಕೆ ಕೇಳಿಸಿತು. ಯಾರಿಗಾದರೂ ತೋರಿಸೋಣ ಎಂದು ಫೋನು ಎತ್ತಿಕೊಳ್ಳುವಾಗ ಬೆರಳು ತಾಗಿತು. ಪದ ಹೋಯಿತು. ಯಾವುದೋ ಅಂಗಡಿಯ ಸೀರೆ ಬಂತು. ಹಿಂದಕ್ಕೆ ತಳ್ಳಿದರು, ಮುಂದಕ್ಕೆ ತಳ್ಳಿದರು, ಸಿಗಲಿಲ್ಲ. “ಎಲ್ಲಿ ಹೋತು?” ಎಂದು ಅವಳು ಕೇಳಿದರೆ ಹುಡುಗ ಸಮಾಧಾನ ಹೇಳಿದ: “ಹೋದ್ದು ಹೋತು ಅಜ್ಜಿ, ಬ್ಯಾರೆ ಬರ್ತದೆ.”

ನನ್ನ ತಕರಾರು ಇರುವುದು ಈ ಮಾತಿನಲ್ಲಿ. ಹುಡುಗನದು ತಪ್ಪಲ್ಲ, ಅವನು ಯಂತ್ರದ ಸ್ವಭಾವವನ್ನು ಸರಿಯಾಗಿಯೇ ಹೇಳಿದ. ಬೇರೆ ಬರುತ್ತದೆ. ಯಾವುದು ಹೋದರೂ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ, ಜಾಗ ಖಾಲಿ ಉಳಿಯುವುದಿಲ್ಲ. ಖಾಲಿ ಉಳಿಯದ ಜಾಗದಲ್ಲಿ ನಷ್ಟ ಎಂಬುದು ಕಾಣುವುದು ಹೇಗೆ? ನೆರೆಮನೆಯ ಮುದುಕ ತೀರಿಕೊಂಡರೆ ಅವನು ಕೂರುತ್ತಿದ್ದ ಜಗಲಿ ತಿಂಗಳುಗಟ್ಟಲೆ ಬರಿದಾಗಿರುತ್ತದೆ. ಆ ಬರಿದೇ ನಮಗೆ ಸಾವನ್ನು ತಿಳಿಸುವುದು. ಮಾತಿಗೂ ಹಾಗೆಯೇ. ಒಂದು ಮನೆಯಲ್ಲಿ ಕನ್ನಡ ನಿಂತ ದಿನ ಮನೆ ಮೂಕವಾಗುವುದಿಲ್ಲ. ತಮಿಳು ಬರುತ್ತದೆ, ಇಂಗ್ಲಿಷು ಬರುತ್ತದೆ, ಮಕ್ಕಳು ನಗುತ್ತಲೇ ಇರುತ್ತಾರೆ. ಯಾರಿಗೂ ಗಾಯವಾಗಿಲ್ಲ. ಹಾಗಾದರೆ ತಪ್ಪೇನು ಎಂದು ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ.

ಇಲ್ಲಿ ಆಟಗಳ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಮನೆಗಳಲ್ಲಿ ಮಕ್ಕಳ ಆಟವನ್ನು ಬಯ್ಯುವುದು ದಿನದ ಪಾಠವಾಗಿದೆ. ನಾನು ಮೊಮ್ಮಗನ ಪಕ್ಕ ಕೂತು ನೋಡಿದ್ದೇನೆ. ಟೆಂಪಲ್ ರನ್ ಎಂಬ ಆಟವನ್ನು 2011ರಲ್ಲಿ ತಂದವರು ಗಂಡ ಹೆಂಡತಿ ಸೇರಿ ಕಟ್ಟಿದ ಒಂದು ಸಣ್ಣ ಕಂಪನಿಯವರು. ಓಡುವವನ ಹಿಂದೆ ಕೋತಿಯಂಥ ರಾಕ್ಷಸರು. ತಿರುವು ಬಂದರೆ ಪಕ್ಕಕ್ಕೆ, ಹಳ್ಳ ಬಂದರೆ ಮೇಲಕ್ಕೆ, ಕಮಾನು ಬಂದರೆ ಕೆಳಕ್ಕೆ ತಳ್ಳಬೇಕು. ಮಾರನೆಯ ವರ್ಷ ಬಂದ ಸಬ್‌ವೇ ಸರ್ಫರ್ಸ್‌ನಲ್ಲಿ ರಾಕ್ಷಸರ ಬದಲು ಒಬ್ಬ ಕಾವಲಿನವ, ಒಂದು ನಾಯಿ, ಎದುರಿನಿಂದ ರೈಲು. ಕ್ಷಣ ತಡವಾದರೆ ಬಿದ್ದೆ. ಇಲ್ಲಿ ಬೆರಳು ಮಾಡಿದ್ದಕ್ಕೆ ಉತ್ತರ ಬರುತ್ತದೆ. ತಪ್ಪು ತಳ್ಳಿದವನೇ ಬೀಳುತ್ತಾನೆ, ಮತ್ತೆ ಮೊದಲಿನಿಂದ ಓಡುತ್ತಾನೆ. ಹುಡುಗ ತುಟಿ ಕಚ್ಚಿಕೊಂಡು ಕೂತಿರುತ್ತಾನೆ, ಯಾಕೆಂದರೆ ಅವನ ಪ್ರತಿ ತಳ್ಳಿಗೂ ಬೆಲೆಯಿದೆ. ಅವನನ್ನು ಬಯ್ದು ಮಲಗಿಸಿದ ಅಪ್ಪ ಗೋಡೆಗೆ ಒರಗಿ ಒಂದು ಗಂಟೆ ಹೆಬ್ಬೆರಳು ಆಡಿಸುತ್ತಾನೆ. ಪ್ರವಾಹದಲ್ಲಿ ಕೊಚ್ಚಿಹೋದ ಊರು, ದೋಸೆ ಹುಯ್ಯುವ ಹೊಸ ಬಗೆ, ಹೆಣದ ಮುಂದೆ ಅಳುವ ತಾಯಿ, ಕಾಮಿಡಿ. ಯಾವುದಕ್ಕೂ ಉತ್ತರಿಸಬೇಕಾಗಿಲ್ಲ. ಇಬ್ಬರಲ್ಲಿ ಹೆಚ್ಚು ಪ್ರಾಮಾಣಿಕವಾಗಿ ಬೆರಳು ಬಳಸಿದವನು ಯಾರು ಎಂದರೆ ನಾನು ಹುಡುಗನ ಕಡೆ.

ಮುಗಿಯದ ಹಾಗೆ ಪುಟ ಬೆಳೆಯುತ್ತಲೇ ಹೋಗುವ ಈ ವಿನ್ಯಾಸವನ್ನು 2006ರಲ್ಲಿ ಮಾಡಿದವನು ಏಜಾ ರಸ್ಕಿನ್. ಮುಂದೆ ಅವನೇ ಅದಕ್ಕಾಗಿ ಬಹಿರಂಗವಾಗಿ ಪರಿತಪಿಸಿದ. ಅದಕ್ಕೂ ಮೊದಲು ಪುಟಕ್ಕೊಂದು ತುದಿ ಇರುತ್ತಿತ್ತು. ತುದಿಗೆ ಬಂದವನು ಮುಂದೆ ಹೋಗಲೋ ಸಾಕೋ ಎಂದು ಅರೆಗಳಿಗೆ ನಿಲ್ಲಬೇಕಿತ್ತು. ಮನಸ್ಸು ಕೆಲಸ ಮಾಡುತ್ತಿದ್ದದ್ದು ಆ ಅರೆಗಳಿಗೆಯಲ್ಲಿ. ನಮ್ಮ ದೇವಾಂಗ ನೇಕಾರನ ಲಾಳಿಯೂ ಎಡಕ್ಕೂ ಬಲಕ್ಕೂ ದಿನವಿಡೀ ಓಡುತ್ತದೆ, ಆದರೆ ಪ್ರತಿ ಓಟಕ್ಕೂ ಒಂದು ಎಳೆ ಉಳಿಯುತ್ತದೆ, ಸಂಜೆಗೆ ಇಷ್ಟು ಮೊಳ ಎಂದು ಅಳೆಯಬಹುದು.

ಗಾಜಿನ ಮೇಲೆ ಏನೂ ಉಳಿಯುವುದಿಲ್ಲ ಎಂದೆ. ನಮ್ಮ ಕಡೆ ಉಳಿಯುವುದಿಲ್ಲ ಎಂದರೆ ಸರಿ. ಬೆರಳು ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು, ಯಾವುದನ್ನು ನೋಡದೆ ತಳ್ಳಿತು ಎಂಬುದನ್ನು ಆ ಕಡೆಯವರು ಲೆಕ್ಕವಿಡುತ್ತಾರೆ. ನಾಳೆ ನಮ್ಮ ಮುಂದೆ ಬರುವುದು ಆ ಲೆಕ್ಕದ ಮೇಲೆ. ಕನ್ನಡದ ಮೇಲೆ ಬೆರಳು ನಿಲ್ಲದ ಮನೆಗೆ ಕನ್ನಡ ಬರುವುದು ಕಡಿಮೆಯಾಗುತ್ತದೆ. ಹಾಗಾದರೆ ಬೇಸರ ಬಂದರೂ ಕನ್ನಡದ ಮೇಲೆ ಬೆರಳು ನಿಲ್ಲಿಸಿಕೊಂಡು ಕೂರುವುದು ನಮ್ಮ ಕರ್ತವ್ಯವೇ? ಒಬ್ಬ ಸ್ನೇಹಿತರು ಹೌದು ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಕರ್ತವ್ಯವೆಂದು ನೋಡಿದ ಹಾಡು ಹಾಡಾಗಿ ಉಳಿಯುವುದಿಲ್ಲ, ತೆರಿಗೆಯಾಗುತ್ತದೆ. ಅಲ್ಲದೆ ತಳ್ಳದೆ ಬದುಕಲು ಯಾರಿಗೂ ಸಾಧ್ಯವಿಲ್ಲ. ಕಣ್ಣೆದುರು ಬಂದದ್ದನ್ನೆಲ್ಲ ಎದೆಗೆ ಹಚ್ಚಿಕೊಂಡವನು ಹುಚ್ಚನಾದಾನು.

ನನಗೆ ಅನಿಸುವುದು ಇಷ್ಟು. ಬೇಡ ಎನ್ನುವುದು ಬೇರೆ, ನೋಡದಿರುವುದು ಬೇರೆ. ನನ್ನ ಅಪ್ಪ ನಮಗೆ ಕನ್ನಡ ಅಕ್ಷರ ಬೇಡ ಎಂದು ತೀರ್ಮಾನಿಸಿದ. ಅವನು ಅದನ್ನು ಕೈಯಲ್ಲಿ ಹಿಡಿದು ತೂಗಿದ್ದ: ತಮಿಳು ಓದಿದರೆ ಬ್ಯಾಂಕು, ಕಚೇರಿ, ಬಸ್ಸಿನ ಬೋರ್ಡು, ಕನ್ನಡ ಓದಿದರೆ ಇಲ್ಲಿ ಏನು? ಆ ತೀರ್ಮಾನವನ್ನು ನಾನು ಒಪ್ಪದಿರಬಹುದು, ಆದರೆ ಅವನೊಡನೆ ವಾದ ಹೂಡಬಹುದಿತ್ತು, ಹೂಡಿದ್ದೂ ಉಂಟು. ಬೇಡ ಎಂದವನಿಗೆ ಅದರ ನೆನಪು ಇರುತ್ತದೆ, ಒಂದು ದಿನ ಬೇಕು ಅನ್ನಲೂ ಬಹುದು. ತಳ್ಳಿದವನಿಗೆ ತಾನು ಏನು ತಳ್ಳಿದೆ ಎಂಬುದೇ ಗೊತ್ತಿಲ್ಲದಿದ್ದರೆ ಅವನೊಡನೆ ಯಾವ ವಾದ? ನಿಮ್ಮ ಕಡೆ 2017ರಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ಬೀದಿಗಿಳಿದವರಿಗೆ ಎದುರಿಗೆ ಒಂದು ಕಾನೂನಾದರೂ ಇತ್ತು. ಹೆಬ್ಬೆರಳಿನ ವಿರುದ್ಧ ಮೆರವಣಿಗೆ ತೆಗೆಯುವುದು ಹೇಗೆ?

ಇತ್ತೀಚೆಗೆ ದೊಡ್ಡವ್ವ ವಾಟ್ಸಾಪ್‌ನಲ್ಲಿ ಮಾತನಾಡಿ ಕಳಿಸಲು ಕಲಿತಿದ್ದಾಳೆ. ದೊಡ್ಡ ಮೊಮ್ಮಗ ಚೆನ್ನೈಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಅವನು ಉತ್ತರ ಬರೆಯುವುದು ಕನ್ನಡವನ್ನೇ, ತಮಿಳು ಅಕ್ಷರದಲ್ಲಿ. ಆ ಲಿಪಿಯಲ್ಲಿ ಕ-ಗಗಳಿಗೆ ಒಂದೇ ಅಕ್ಷರವಾದ್ದರಿಂದ ಗಾಳಿಯೋ ಕಾಳಿಯೋ ಎಂದು ಓದಿ ಹೇಳುವ ನಾನು ಊಹಿಸಬೇಕು. ವಾಟ್ಸಾಪ್‌ನಲ್ಲಿ ಬಂದ ಮಾತಿನ ಮೇಲೆ ಬೆರಳಿಟ್ಟು ಬಲಕ್ಕೆ ತಳ್ಳಿದರೆ ಅದು ಆಚೆ ಹೋಗುವುದಿಲ್ಲ. ಕೆಳಗೆ ಬಂದು ನಿಲ್ಲುತ್ತದೆ, ನಾವು ಬರೆಯುವುದು ಅದಕ್ಕೇ ಉತ್ತರವಾಗುತ್ತದೆ. ಬೆರಳಿನ ಚಲನೆ ಅದೇ. ಮೊನ್ನೆ ಅವಳು ತೋಟದ ಸುದ್ದಿ ಹೇಳುತ್ತಾ, ರಾತ್ರಿ ಆನೆ ಇಳಿದು ಬಾಳೆ ಮುರಿದದ್ದನ್ನೂ ಹಾಳೆ ಹೆಕ್ಕಲು ಹೋಗಿ ತಾನು ಜಾರಿದ್ದನ್ನೂ ಮೂರು ನಿಮಿಷ ಮಾತಾಡಿ ಕಳಿಸಿದ್ದಳು. ಎರಡು ದಿನ ಕಳೆದು ಉತ್ತರ ಬಂತು. ಅವಳ ಮಾತನ್ನು ಬಲಕ್ಕೆ ತಳ್ಳಿ, ಅದರ ಕೆಳಗೆ ಬರೆದಿದ್ದ: “ಅಜ್ಜಿ, ಹೆಕ್ಕೋದು ಅಂದರೆ ಏನು?”

ಓದಿ ಹೇಳಿದೆ. ಅವಳು ನಕ್ಕಳು. ಫೋನನ್ನು ಬಾಯ ಹತ್ತಿರ ಹಿಡಿದುಕೊಂಡು, ನೆಲದಲ್ಲಿ ಚೆಲ್ಲಿದ ಅಡಿಕೆಯಿಂದ ಹಿಡಿದು ಹೇಳಲು ಶುರುಮಾಡಿದಳು.