ಮೂರನೆಯ ಪಾಲಿನ ಗಾಳಿ

ಒಳ್ಳೆಯತನ ಇರುವುದು ಎಲ್ಲಿ? ಕಷ್ಟದಲ್ಲಿರುವವರನ್ನು ಕಂಡಾಗ ಎದೆಯಲ್ಲಿ ಏಳುವ ಮರುಕದಲ್ಲೋ, ಆ ಕಷ್ಟ ಬರುವುದಕ್ಕೆ ಎಷ್ಟೋ ಮೊದಲೇ ಮಾಡಿಟ್ಟುಕೊಂಡ ಸಿದ್ಧತೆಯಲ್ಲೋ? ನೀತಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ ಇದು ದಿನವೂ ಎದುರಾಗುವ ಪ್ರಶ್ನೆ. ಇದನ್ನು ಯೋಚಿಸಲು ನನಗೆ ಹೆಚ್ಚು ನೆರವಾದದ್ದು, ನೀರಿನಾಳಕ್ಕೆ ಇಳಿಯುವವರು ತಮ್ಮ ಸಲಕರಣೆಗಳನ್ನು ಮೈಮೇಲೆ ಹೊಂದಿಸಿಕೊಳ್ಳುವ ಕ್ರಮ.

ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡಿ ಬಂದವರು ನಿಮ್ಮ ಗೆಳೆಯರಲ್ಲೂ ಇರಬಹುದು. ಅಲ್ಲಿ ಬೆನ್ನಿಗೆ ಒಂದು ಸಿಲಿಂಡರ್, ಉಸಿರಾಡಲು ಬಾಯಲ್ಲಿ ರೆಗ್ಯುಲೇಟರ್. ಏನಾದರೂ ಕೆಟ್ಟರೆ ಮೇಲೆ ಬೆಳಕಿದೆ, ಆಕಾಶವಿದೆ. ಟೆಕ್ನಿಕಲ್ ಡೈವಿಂಗ್ ಎನ್ನುವುದು ಹಾಗಲ್ಲ. ಅಲ್ಲಿ ನೇರವಾಗಿ ಮೇಲೇಳುವಂತಿಲ್ಲ. ಒಂದೋ, ಆಳದಲ್ಲಿ ಬಹಳ ಹೊತ್ತು ಇದ್ದುದರಿಂದ ಮೈಯಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲು ಅಲ್ಲಲ್ಲಿ ನಿಂತು ನಿಂತು ಬರಬೇಕು. ಇಲ್ಲವೇ, ತಲೆಯ ಮೇಲೆ ಬಂಡೆಯ ಚಾವಣಿ ಇರುತ್ತದೆ. ನಮ್ಮೂರು ಚಂದ್ರಗುತ್ತಿಯಲ್ಲಿ ರೇಣುಕಾಂಬೆ ನೆಲೆಸಿರುವುದು ಗುಡ್ಡದ ಗುಹೆಯೊಳಗೆ. ಗುಹೆ ಎಂದರೇನು ಎಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು: ಹೊಕ್ಕ ಬಾಯಿಂದಲೇ ಹೊರಗೆ ಬರಬೇಕು. ಅಂಥದೊಂದು ಗುಹೆಯ ತುಂಬ ನೀರಿದೆ ಎಂದುಕೊಳ್ಳಿ. ಬಾಗಿಲು ನೂರಾರು ಮೀಟರ್ ಹಿಂದಿದೆ. ಆಗ ಜೊತೆಗಾರನ ಗಾಳಿ ಮುಗಿಯುತ್ತದೆ.

ಫ್ಲಾರಿಡಾದ ಗುಹೆಗಳಲ್ಲಿ ಇಳಿಯುತ್ತಿದ್ದ ಶೆಕ್ ಎಕ್ಸ್‌ಲಿ, ಸತ್ತವರು ಹೇಗೆ ಸತ್ತರು ಎಂಬುದನ್ನು ಒಂದೊಂದಾಗಿ ಪರಿಶೀಲಿಸಿ 1979ರಲ್ಲಿ ಒಂದು ಕಿರುಪುಸ್ತಕ ಬರೆದರು. ಅದು ಒತ್ತಿ ಹೇಳಿದ ನಿಯಮಗಳಲ್ಲಿ ಒಂದು, ಗಾಳಿಯನ್ನು ಮೂರು ಪಾಲು ಮಾಡುವುದು. ಒಂದು ಪಾಲು ಹೋಗಲು, ಒಂದು ಪಾಲು ಬರಲು. ಮೂರನೆಯದನ್ನು ಮುಟ್ಟುವಂತಿಲ್ಲ. ಆ ಮೂರನೆಯ ಪಾಲು ಯಾರದು? ತುತ್ತತುದಿಯಲ್ಲಿ ಜೊತೆಗಾರನ ಸಿಲಿಂಡರ್ ಬರಿದಾದರೆ, ನನ್ನಲ್ಲಿ ಉಳಿದ ಎರಡು ಪಾಲಿನಲ್ಲಿ ಒಂದು ನನಗೆ, ಇನ್ನೊಂದು ಅವನಿಗೆ. ಅಂದರೆ ನಾನು ಬೆನ್ನ ಮೇಲೆ ಹೊತ್ತ ಗಾಳಿಯಲ್ಲಿ ಒಂದು ಭಾಗ ಹೊರಡುವಾಗಲೇ ನನ್ನದಲ್ಲ. ಮೂವತ್ತು ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿರುವುದರ ನಾಲ್ಕು ಪಟ್ಟು. ಪ್ರತಿ ಉಸಿರಿಗೂ ನಾಲ್ಕು ಪಟ್ಟು ಗಾಳಿ ಬೇಕು. ಹೆದರಿದವನಿಗೆ ಇನ್ನೂ ಹೆಚ್ಚು. ಅಲ್ಲಿ ಚೌಕಾಶಿಗೆ ಸಮಯವಿಲ್ಲ.

ಇನ್ನೂ ಸೋಜಿಗದ್ದು ಕೊಳವೆಯ ಉದ್ದ. ಗುಹೆಯ ಡೈವರ್‌ಗಳಲ್ಲಿ ಬಹಳ ಮಂದಿ ಎರಡು ರೆಗ್ಯುಲೇಟರ್ ಇಟ್ಟುಕೊಳ್ಳುವ ಬಗೆ ಹೀಗೆ: ತಾವು ಉಸಿರಾಡುವುದಕ್ಕೆ ಸುಮಾರು 2.1 ಮೀಟರ್ ಉದ್ದದ ಕೊಳವೆ, ಇನ್ನೊಂದಕ್ಕೆ ಗಿಡ್ಡ ಕೊಳವೆ. ಗಿಡ್ಡದ್ದು ರಬ್ಬರ್ ದಾರದಲ್ಲಿ ಗದ್ದದ ಕೆಳಗೆ ತೂಗುತ್ತಿರುತ್ತದೆ. ಉಸಿರು ಕಟ್ಟಿದವನು ಬಂದರೆ ಅವನಿಗೆ ಕೊಡುವುದು ತಮ್ಮ ಬಾಯಲ್ಲಿರುವುದನ್ನೇ. ಕಾರಣ ಸರಳ. ಗಾಬರಿಯಾದವನು ಕಣ್ಣಿಗೆ ಕಾಣುವುದನ್ನು ಕಿತ್ತುಕೊಳ್ಳುತ್ತಾನೆ. ಬಾಯಲ್ಲಿರುವುದು ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದು ಖಾತ್ರಿ. ಕೊಟ್ಟವನು ಗದ್ದದ ಕೆಳಗಿನದನ್ನು ಕಚ್ಚಿಕೊಳ್ಳುತ್ತಾನೆ. ಕೊಳವೆ ಉದ್ದವಿರುವುದು, ಇಕ್ಕಟ್ಟಿನಲ್ಲಿ ಇಬ್ಬರೂ ಒಬ್ಬರ ಹಿಂದೊಬ್ಬರು ಹೊರಬರಲಿ ಎಂದು.

ವಿಮಾನದಲ್ಲಿ ಮೊದಲು ನಿಮ್ಮ ಮಾಸ್ಕ್ ಹಾಕಿಕೊಳ್ಳಿ ಎನ್ನುತ್ತಾರೆ. ನಮ್ಮ ಪುರಾಣಗಳು ತನ್ನ ಮೈಯನ್ನೇ ಕೊಯ್ದು ಕೊಟ್ಟ ಶಿಬಿಯನ್ನು ಕೊಂಡಾಡುತ್ತವೆ. ಈ ಉದ್ದ ಕೊಳವೆಯಲ್ಲಿ ಸ್ವಾರ್ಥವೂ ಇಲ್ಲ, ತ್ಯಾಗವೂ ಇಲ್ಲ. ಕೊಡುವವನು ಸಾಯಬೇಕಾಗಿಲ್ಲ, ಏಕೆಂದರೆ ಕೊಡುವ ಗಳಿಗೆಯನ್ನು ದಡದಲ್ಲಿ ಕೂತು ಲೆಕ್ಕ ಹಾಕಿಯಾಗಿದೆ.

ಇದು ತಾಂತ್ರಿಕತೆ, ಇದರಲ್ಲಿ ನೀತಿ ಎಲ್ಲಿ ಬಂತು ಎಂದು ಕೇಳಬಹುದು. ಸದ್ಗುಣ ಬರುವುದು ಅಭ್ಯಾಸದಿಂದ ಎಂದ ಅರಿಸ್ಟಾಟಲ್. ಇಲ್ಲಿ ಅಭ್ಯಾಸದ ಜೊತೆ ವಸ್ತುವೂ ಸೇರಿದೆ. ಕೊಳವೆ ಗಿಡ್ಡವಾಗಿದ್ದರೆ ಎಂಥ ಕರುಣಾಳುವಿನ ಕರುಣೆಯೂ ಜೊತೆಗಾರನ ಬಾಯಿಗೆ ಮುಟ್ಟುವುದಿಲ್ಲ. ಉದ್ದವಾಗಿದ್ದರೆ, ಬೆಳಗ್ಗೆ ಅವನೊಡನೆ ಜಗಳವಾಡಿದವನೂ ಅವನನ್ನು ಉಳಿಸಬಲ್ಲ. ಮರುಕ ಬೇಕು, ನಿಜ. ಅದರ ಸಮಯ ಅಂಗಡಿಯಲ್ಲಿ ಕೊಳವೆ ಆರಿಸುವ ಹೊತ್ತಿನದು.

ಇದನ್ನು ನಮ್ಮ ಕಡೆಗೆ ತಂದು ನೋಡಿದರೆ ಮನಸ್ಸು ಭಾರವಾಗುತ್ತದೆ. ಕೊಡಪಾನ ಬಿದ್ದರೆ ಪಾತಾಳಗರಡಿ ಇಳಿಬಿಟ್ಟು ತೆಗೆಯುತ್ತೇವೆ. ಬೇಸಿಗೆಯಲ್ಲಿ ಹೂಳೆತ್ತಲು ಮನುಷ್ಯನನ್ನೇ ಇಳಿಸುತ್ತೇವೆ. ಹಳಬರು ಮೊದಲು ಉರಿಯುವ ದೀಪ ಇಳಿಬಿಟ್ಟು, ಅದು ಆರಿದರೆ ಯಾರನ್ನೂ ಇಳಿಸುತ್ತಿರಲಿಲ್ಲ. ಎಲ್ಲ ವಿಷಗಾಳಿಯನ್ನೂ ದೀಪ ತೋರಿಸದು, ಆದರೂ ಅದು ಮುಂಚಿತವಾಗಿ ಯೋಚಿಸಿದ ಕರುಣೆ. ಬಾವಿಯಲ್ಲಿ ಒಬ್ಬ ಉಸಿರುಗಟ್ಟಿ ಬಿದ್ದ, ಉಳಿಸಲು ಇಳಿದ ಅಣ್ಣನೂ ಹೋದ, ಅವನ ಹಿಂದೆ ಇಳಿದ ನೆರೆಯವನೂ ಹೋದ ಎಂಬಂಥ ಸುದ್ದಿ ನಾವು ಓದುತ್ತಲೇ ಇರುತ್ತೇವೆ. ಅವರಲ್ಲಿ ಯಾರಿಗೂ ಪ್ರೀತಿಯ ಕೊರತೆ ಇರಲಿಲ್ಲ.

2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದಾಗ ಗಂಗಾವಳಿಯ ಸೆಳವಿಗೆ ಇಳಿದ ಮುಳುಗುತಜ್ಞ ಈಶ್ವರ ಮಲ್ಪೆಯವರ ಧೈರ್ಯವನ್ನು ಹೊಗಳಿದೆವು. ಹೊಗಳಲೇಬೇಕು. 2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಸಿಲುಕಿದ್ದ ಹನ್ನೆರಡು ಹುಡುಗರೂ ಅವರ ಕೋಚೂ ಬದುಕಿ ಬಂದರು. ಅವರ ದಾರಿಗೆ ಗಾಳಿಯ ಸಿಲಿಂಡರ್ ಇಟ್ಟು ಹಿಂತಿರುಗುತ್ತಿದ್ದ ಸಮನ್ ಕುನನ್ ಬರಲಿಲ್ಲ. ಇಂಥವರ ಮುಂದೆ ತಲೆ ಬಾಗುತ್ತದೆ. ಆದರೆ ಧೈರ್ಯವನ್ನು ಹೊಗಳುವುದು ಅಗ್ಗ, ಸಲಕರಣೆ ದುಬಾರಿ. ಹೊಗಳಿಕೆ ಎಷ್ಟೋ ಸಲ ನಮ್ಮ ಹೊಣೆಯನ್ನು ಮರೆಸುತ್ತದೆ.

ಮ್ಯಾನ್‌ಹೋಲಿಗೆ ಇಳಿಯುವವರಿಗೆ ಆ ಹೊಗಳಿಕೆಯೂ ಇಲ್ಲ. ರಕ್ಷಣಾ ಸಾಧನವಿಲ್ಲದೆ ಅವರನ್ನು ಇಳಿಸಬಾರದೆಂದು 2013ರ ಕಾಯ್ದೆ ಹೇಳುತ್ತದೆ. ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ನ್ಯಾಯವೇ. ಆದರೆ ಪರಿಹಾರ ಸಿಗುವುದು ಉಸಿರು ನಿಂತ ಮೇಲೆ. ಅಲ್ಲಿ ಮೂರನೆಯ ಪಾಲನ್ನು ಯಾರೂ ಎತ್ತಿಟ್ಟಿರಲಿಲ್ಲ.

ಇಳಿಯುವವನು ಧೈರ್ಯವಂತನೇ ಎಂದು ಇನ್ನು ಮುಂದೆ ಕೇಳುವುದು ಬೇಡ. ಅವನ ಸೊಂಟದ ಹಗ್ಗ ಯಾರ ಕೈಯಲ್ಲಿದೆ, ಅವನ ಪಾಲಿನ ಗಾಳಿಯನ್ನು ಯಾರು ಹೊತ್ತಿದ್ದಾರೆ ಎಂದು ಮೇಲೆ ನಿಂತ ನಾವು ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕು. ಉತ್ತರ ಸಿಗದಿದ್ದರೆ ಅವನನ್ನು ಇಳಿಸಬಾರದು.