ಮಾವ ಕೇಳಿದ ಪ್ರಶ್ನೆ

ಹೀಗೊಂದು ಪ್ರಕರಣ ಇಟ್ಟುಕೊಳ್ಳೋಣ. ಸೊರಬ ತಾಲ್ಲೂಕಿನ ಹಕ್ಕಿಧಾಮದ ಊರು ಗುಡವಿಯ ಹುಡುಗಿ ಪಿಯುಸಿ ಸೈನ್ಸ್ ಮುಗಿಸಿ ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ ಸೇರಿದ್ದಾಳೆ. ಮೂರು ವರ್ಷದ ಪಾಠ ಮುಗಿದಿದೆ; ಈಗ ಒಂದು ವರ್ಷದ ಇಂಟರ್ನ್‌ಶಿಪ್, ಶಿವಮೊಗ್ಗದ ಆಸ್ಪತ್ರೆಯೊಂದರ ಎಕ್ಸ್-ರೇ ಕೋಣೆಯಲ್ಲಿ. ಎದೆಗೆ ಟಿಎಲ್‌ಡಿ ಬ್ಯಾಡ್ಜ್ ಸಿಕ್ಕಿಸಿಕೊಂಡಿದ್ದಾಳೆ. ಮೂರು ತಿಂಗಳಿಗೊಮ್ಮೆ ಅದು ಲ್ಯಾಬಿಗೆ ಹೋಗಿ, ಅವಳ ಮೈಗೆ ಎಷ್ಟು ವಿಕಿರಣ ತಗುಲಿತು ಎಂಬ ಲೆಕ್ಕ ಬರುತ್ತದೆ. ಐದು ವರ್ಷದ ಸರಾಸರಿ ತೆಗೆದರೆ ವರ್ಷಕ್ಕೆ 20 ಮಿಲಿಸೀವರ್ಟ್ ದಾಟಬಾರದು. ಕಿರಣಕ್ಕೆ ಹೀಗೆ ಮಿತಿಯೂ ಇದೆ, ಅಳತೆಯೂ ಇದೆ. ಅವಳ ಬಾಯಿಗೆ ಬಂದ ಪರೀಕ್ಷೆಗೆ ಅಂಥದ್ದೇನೂ ಇರಲಿಲ್ಲ.

ಆ ದಿನ ಸರದಿಯಲ್ಲಿ ಬಂದವರು ಅವಳ ಊರಿನವರೇ. ರಕ್ತಸಂಬಂಧವಿಲ್ಲ, ಊರ ಬಳಕೆಯಲ್ಲಿ ಮಾವ. ತಿಂಗಳಿಂದ ಬಿಡದ ಕೆಮ್ಮು, ಡಾಕ್ಟರು ಎದೆಯ ಎಕ್ಸ್-ರೇ ಬರೆದಿದ್ದಾರೆ. ಅಂಗಿ ಬಿಚ್ಚಿದರೆ ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಲೋಹ ಚಿತ್ರದಲ್ಲಿ ಬೆಳ್ಳಗೆ ಬಿದ್ದು ಅದರ ಜಾಗದ ಶ್ವಾಸಕೋಶವನ್ನು ಮುಚ್ಚಿಬಿಡುತ್ತದೆ. ಮಾವನೋ ಲಿಂಗವನ್ನು ಮೈಯಿಂದ ಬೇರೆ ಮಾಡುವವರಲ್ಲ. ‘ಎಲ್ಲೂ ಇಡೋದು ಬೇಡ ಮಾವ, ಕೊರಳಿಂದ ತೆಗೆದು ಅಂಗೈಲೇ ಹಿಡ್ಕೊಳ್ಳಿ’ ಎಂದು, ಆ ಮುಷ್ಟಿಯನ್ನೇ ಸೊಂಟಕ್ಕೆ ಇಡಿಸಿದಳು. ಗದ್ದ ಮೇಲೆ, ಎದೆ ಸ್ಟ್ಯಾಂಡಿಗೆ ಒತ್ತಿ, ಭುಜ ಮುಂದಕ್ಕೆ. ಹಾಗೆ ನಿಂತರೆ ಹೆಗಲಿನ ಚಪ್ಪಟೆ ಮೂಳೆ ಶ್ವಾಸಕೋಶದ ಮೇಲಿಂದ ಪಕ್ಕಕ್ಕೆ ಸರಿಯುತ್ತದೆ. ‘ಉಸಿರು ಜೋರಾಗಿ ಎಳ್ಕೊಳ್ಳಿ, ಹಾಗೇ ಹಿಡೀರಿ.’ ಗುಂಡಿ ಒತ್ತಿದಳು.

ಪರದೆಯ ಮೇಲೆ ಚಿತ್ರ ಬಂತು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿ ಮಸುಕು.

ಮಾವ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹತ್ತಿರ ಬಂದರು. ‘ನೀನು ನಮ್ಮೂರ ಹುಡುಗಿ. ಏನೈತೆ ಅಂತ ಹೇಳಿಬಿಡು ಮಗಾ. ಡಾಕ್ಟ್ರು ಸಿಗೋ ಹೊತ್ತಿಗೆ ಸೊರಬದ ಬಸ್ಸು ಹೋಗಿರ್ತದೆ.’

ಅವಳ ಮುಂದೆ ಮೂರು ಉತ್ತರಗಳಿದ್ದವು.

‘ಏನೂ ಇಲ್ಲ ಮಾವ’ ಎನ್ನುವುದು ಮೊದಲನೆಯದು. ಕೇಳುವವರಿಗೂ ಹಿತ, ಹೇಳುವವಳಿಗೂ ಸುಲಭ. ಆ ಮಾತನ್ನು ನಂಬಿ ಮಾವ ಬಸ್ಸು ಹತ್ತುತ್ತಾರೆ; ಕೆಮ್ಮು ಮನೆಯಲ್ಲೇ, ಮೊಮ್ಮಕ್ಕಳ ನಡುವೆ, ಮುಂದುವರಿಯುತ್ತದೆ. ಪ್ರೀತಿಯಿಂದ ಆಡಿದ ಸುಳ್ಳೆಂದು ರೋಗವೇನೂ ರಿಯಾಯಿತಿ ಕೊಡುವುದಿಲ್ಲ.

‘ಟಿ.ಬಿ. ಇದ್ದಂಗಿದೆ’ ಎನ್ನುವುದು ಎರಡನೆಯದು. ಇದು ನಿಜದಂತೆ ತೋರುವ ಮಾತು, ನಿಜವಲ್ಲ. ಎಕ್ಸ್-ರೇ ಎಂದರೆ ನೆರಳು. ದಪ್ಪ ಎದೆಯೊಂದು ಒಂದೇ ಹಾಳೆಯ ಮೇಲೆ ಬಿದ್ದಿರುತ್ತದೆ. ಆ ಮಸುಕು ಈಗಿನ ಕ್ಷಯವಾಗಿರಬಹುದು, ಎಂದೋ ವಾಸಿಯಾದ ಕಲೆಯಾಗಿರಬಹುದು, ನ್ಯುಮೋನಿಯಾ ಅಥವಾ ಗಡ್ಡೆಯೂ ಆಗಿರಬಹುದು. ಕ್ಷಯವೆಂದು ಖಾತ್ರಿಯಾಗಬೇಕಾದರೆ ಕಫದ ಪರೀಕ್ಷೆ ಆಗಬೇಕು. ಅವಸರಕ್ಕೆ ಹೆಸರಿಡಬಾರದೆಂಬ ಪಾಠ ಸೊರಬ ತಾಲ್ಲೂಕಿಗೆ ಹೊಸದಲ್ಲ. 1957ರಲ್ಲಿ ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲಿನ ಜನ ಜ್ವರ ಹಿಡಿದು ಮಲಗಿದಾಗ, ಹಳದಿ ಜ್ವರವೇ ಬಂತೇನೋ ಎಂಬ ಗುಮಾನಿ ಎದ್ದಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದ ಮೇಲೆಯೇ ಅದು ಉಣ್ಣೆ ಹುಳದಿಂದ ಹರಡುವ ಬೇರೆಯದೇ ವೈರಸ್ಸೆಂದು ತಿಳಿದದ್ದು. ಇನ್ನು ‘ಟಿ.ಬಿ.’ ಎಂಬ ಮಾತು ಒಮ್ಮೆ ಬಾಯಿಂದ ಬಿದ್ದರೆ ಮಾವನಿಗಿಂತ ಮೊದಲು ಊರು ಮುಟ್ಟುತ್ತದೆ. ಕಫ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದರೂ ಊರಿನ ಬಾಯಿ ಅದನ್ನು ವಾಪಸು ಪಡೆಯುವುದಿಲ್ಲ.

ಮೂರನೆಯದು, ‘ನಾನು ಹೇಳೋ ಹಾಗಿಲ್ಲ, ಡಾಕ್ಟರನ್ನ ಕೇಳಿ.’ ನಿಯಮದ ಪ್ರಕಾರ ಇದೇ ಸರಿ: ಚಿತ್ರ ತೆಗೆಯುವುದು ಟೆಕ್ನಾಲಜಿಸ್ಟ್ ಕೆಲಸ, ವರದಿ ಬರೆಯುವುದು ರೇಡಿಯಾಲಜಿಸ್ಟ್ ಕೆಲಸ. ಆದರೆ ಅಷ್ಟಕ್ಕೇ ನಿಂತರೆ, ರೋಗಿಯನ್ನು ಕಾಯಲೆಂದು ಮಾಡಿದ ನಿಯಮ ಅವಳನ್ನು ಕಾಯುವುದಕ್ಕೆ ಬಳಕೆಯಾಯಿತು. ಡಾಕ್ಟರು ಸಿಗದೆ ಮಾವ ಊರಿಗೆ ಹೋದರೆ, ಮೊದಲ ಉತ್ತರಕ್ಕೂ ಇದಕ್ಕೂ ಪರಿಣಾಮದಲ್ಲಿ ಏನು ವ್ಯತ್ಯಾಸ?

ಅವಳು ಹೇಳಿದ್ದು ಇಷ್ಟು: ‘ಇದನ್ನ ಓದಿ ಹೇಳೋ ವಿದ್ಯೆ ನನ್ನದಲ್ಲ ಮಾವ. ಡಾಕ್ಟರಿಗೆ ತೋರಿಸದೆ ಮಾತ್ರ ಬಸ್ಸು ಹತ್ತಬೇಡಿ, ಬನ್ನಿ.’ ಸೀನಿಯರ್‌ಗೆ ಚಿತ್ರ ತೋರಿಸಿದಳು. ಅವರು ರೇಡಿಯಾಲಜಿಸ್ಟ್‌ಗೆ ಫೋನ್ ಮಾಡಿದರು.

ಒಳ್ಳೆಯದೇ ಮಾಡಿದಳು. ಆದರೂ ಇಲ್ಲೊಂದು ತಕರಾರು ಉಳಿಯುತ್ತದೆ. ‘ಬಸ್ಸು ಹತ್ತಬೇಡಿ’ ಎಂದಾಗಲೇ ಅರ್ಧ ವಿಷಯ ಹೇಳಿದಂತಾಯಿತಲ್ಲ? ಹೌದು, ಮಾವನಿಗೆ ಮಾತ್ರ ಹಾಗೆಂದಿದ್ದರೆ ಅದು ಗುಟ್ಟು ಬಿಟ್ಟುಕೊಟ್ಟ ಹಾಗೆಯೇ. ಹಿಂದಿನವರಿಗೆ ‘ಆಯ್ತು, ಹೋಗಿ’ ಎಂದು ಇವರಿಗೆ ‘ನಿಲ್ಲಿ’ ಎಂದರೆ ಎಂಥವರಿಗೂ ಅರ್ಥವಾಗುತ್ತದೆ. ಹಾಗಾಗಿ ಆ ಮಾತು ನೆರಳು ಕಂಡವರಿಗಷ್ಟೇ ಮೀಸಲಾಗಬಾರದು. ಎದೆ ಚೊಕ್ಕಟವಾಗಿದ್ದವರಿಗೂ, ಪರವೂರಿನವರಿಗೂ, ಸರದಿ ಉದ್ದವಿದ್ದ ದಿನವೂ ಅದೇ ಮಾತು, ಅದೇ ಮುಖಭಾವ ಇರಬೇಕು. ಕಷ್ಟದ ಗಳಿಗೆಯಲ್ಲಿ ಒಬ್ಬರಿಗೆ ಸರಿಯಾಗಿ ಮಾತಾಡುವ ಶಕ್ತಿ, ಏನೂ ಇಲ್ಲದ ನೂರು ಜನರ ಹತ್ತಿರ ಹಾಗೇ ಮಾತಾಡಿದ ರೂಢಿಯಿಂದ ಬರುತ್ತದೆ. ಇಂಟರ್ನ್‌ಶಿಪ್ಪಿಗೆಂದು ಒಂದಿಡೀ ವರ್ಷ ಕೊಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಕಾಣುವುದಿಲ್ಲ.