ವತನ್ ಮತ್ತು ವತನ

ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಹವಾಲ್ದಾರರಿದ್ದಾರೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಸೇರಿ, ಇಪ್ಪತ್ತೆರಡು ವರ್ಷ ದುಡಿದು, ಪಿಂಚಣಿ ಪಡೆದು ಊರಿಗೆ ಮರಳಿದವರು. ಅವರ ಪಡಸಾಲೆಯಲ್ಲಿ ಒಂದು ಕಪ್ಪು ಟ್ರಂಕು ಇದೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ಅವರ ನಂಬರು, ಹುದ್ದೆ, ಹೆಸರು. ಕಳೆದ ವರ್ಷದಿಂದ ಆ ಟ್ರಂಕಿನ ಮೇಲೆ ಕೆನಡಾದ ಕಾಗದಪತ್ರಗಳ ಕಟ್ಟೊಂದು ಕೂತಿದೆ. ಭಾರಿ ವಾಹನ ರಿಪೇರಿ ಬಲ್ಲವರಿಗೆ ಅಲ್ಲಿ ಕೆಲಸವಿದೆಯಂತೆ. ಭಾವಮೈದ ಅಲ್ಲೇ ಇದ್ದಾರೆ. ಮಗಳು ಓದಿನಲ್ಲಿ ಚುರುಕು.

ಒಂದು ಸಂಜೆ ಅಸರ್ ನಮಾಜು ಮುಗಿಸಿ ಚಹಾ ಕುಡಿಯುತ್ತಿದ್ದಾಗ ಅವರು ನಮ್ಮನ್ನು ಕೇಳಿದರು: 'ನೀವು ಕಥೆ ಬರೆಯುವವರು, ನಾಲ್ಕು ಅಕ್ಷರ ಹೆಚ್ಚು ಬಲ್ಲವರು. ಹೋಗಿ ಅಲ್ಲಿಯವನೇ ಆಗಿಬಿಟ್ಟರೆ ನಾನು ಇಲ್ಲಿ ಮಾಡಿದ ನೌಕರಿ ಸುಳ್ಳಾಗುತ್ತದೆಯೇ?'

ನಾವು ಚಹಾದ ಲೋಟ ಕೆಳಗಿಡುವ ಮೊದಲೇ ಉತ್ತರ ಕೊಟ್ಟೆವು: 'ಬೇರೆಯವರು ಹೋಗಲಿ, ನೀವು ಹೋಗಬಾರದು.'

ಅವರು ತಲೆಯಾಡಿಸಿ ಎದ್ದುಹೋದರು. ಅವತ್ತು ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಇಷ್ಟು ದೊಡ್ಡ ಪ್ರಶ್ನೆಗೆ ಅಷ್ಟು ಬೇಗ ಉತ್ತರ ಎಲ್ಲಿಂದ ಬಂತು?

ಮೊದಲು ಪ್ರಶ್ನೆಯನ್ನೇ ಬಿಡಿಸಿ ನೋಡೋಣ. ದೇಶ ಬಿಟ್ಟು ಹೋಗುವುದು ಬೇರೆ, ಪೌರತ್ವ ಬಿಡುವುದು ಬೇರೆ. ಭಾರತೀಯನೊಬ್ಬ ಹೊರದೇಶದಲ್ಲಿ ದಶಕಗಟ್ಟಲೆ ದುಡಿದರೂ ಭಾರತೀಯನಾಗಿಯೇ ಇರಬಹುದು. ಆದರೆ ತಾನಾಗಿ ಇನ್ನೊಂದು ದೇಶದ ಪೌರತ್ವ ಪಡೆದ ಕ್ಷಣ, 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಅವನ ಭಾರತೀಯ ಪೌರತ್ವ ಮುಗಿಯುತ್ತದೆ. ನಮ್ಮಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. 2005ರಿಂದ ಕೊಡುತ್ತಿರುವ ಸಾಗರೋತ್ತರ ಪೌರ ಎಂಬ ಕಾರ್ಡಿನ ಹೆಸರಿನಲ್ಲಿ ಪೌರ ಎಂಬ ಪದವಿದೆ, ಆದರೆ ಅದರೊಳಗೆ ಮತದಾನದ ಹಕ್ಕಿಲ್ಲ, ಹೊಲ ಕೊಳ್ಳುವ ಹಕ್ಕೂ ಇಲ್ಲ. ಸರ್ಕಾರವೇ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ 2022ರಲ್ಲಿ 2,25,620 ಮಂದಿ, 2023ರಲ್ಲಿ 2,16,219 ಮಂದಿ ಭಾರತದ ಪೌರತ್ವ ಬಿಟ್ಟಿದ್ದಾರೆ. ಇವರಲ್ಲಿ ಹೆಚ್ಚಿನವರನ್ನು ಯಾರೂ ಏನೂ ಕೇಳಿರಲಾರರು. ಊರಿನಲ್ಲಿ ಪೇಡ ಹಂಚಿರುತ್ತಾರೆ, ಅಷ್ಟೆ. ಹಾಗಾದರೆ ಸೈನಿಕನಾಗಿದ್ದವನಿಗೆ ಮಾತ್ರ ಈ ಪ್ರಶ್ನೆ ಯಾಕೆ ಮುಳ್ಳಾಗುತ್ತದೆ?

ಕೆಲವರು ಹೇಳುತ್ತಾರೆ, ಸೇವೆ ಎಂಬುದು ಸಾಲ ತೀರಿಸಿದ ಹಾಗೆ. ಇಪ್ಪತ್ತೆರಡು ವರ್ಷ ಕೊಟ್ಟಾಯಿತು, ಇನ್ನು ಅವನು ಮುಕ್ತ. ಬೇರೆ ಕೆಲವರ ಮಾತು ಇದಕ್ಕೆ ತಿರುಗುಮುರುಗು. ಅವರ ಪ್ರಕಾರ ಸೇವೆಯೆಂಬುದು ಗಂಟು ಹಾಕಿದ ಹಾಗೆ, ಹೆಚ್ಚು ಕೊಟ್ಟಷ್ಟೂ ಹೆಚ್ಚು ಬಿಗಿಯಾಗುತ್ತದೆ. ಮೊದಲನೆಯ ಮಾತು ದೇಶವನ್ನು ಸಾಹುಕಾರನನ್ನಾಗಿ ಮಾಡುತ್ತದೆ. ಎರಡನೆಯದು ಇನ್ನೂ ವಿಚಿತ್ರ. ಏನೂ ಕೊಡದವನು ಹಾಯಾಗಿ ಹೋಗಬಹುದು, ಎಲ್ಲ ಕೊಟ್ಟವನು ಹೋಗಬಾರದು ಎಂದಾದರೆ ಅದು ಯಾವ ನ್ಯಾಯ?

ಈ ಪ್ರಶ್ನೆ ಹೊಸದೇನಲ್ಲ. ಕ್ರಿಸ್ತಪೂರ್ವ 399ರಲ್ಲಿ ಅಥೆನ್ಸಿನ ಸೆರೆಮನೆಯಲ್ಲಿ ಮರಣದಂಡನೆಗೆ ಕಾಯುತ್ತಿದ್ದ ಸಾಕ್ರಟೀಸ್ ಕೂಡ ಮಾಜಿ ಸೈನಿಕನೇ. ಪೊಟಿಡಿಯಾ, ಡೀಲಿಯಂ, ಆಂಫಿಪೊಲಿಸ್ ರಣರಂಗಗಳನ್ನು ಕಂಡವನು. ತಪ್ಪಿಸಿಕೊಂಡು ಬೇರೆ ನಾಡಿಗೆ ಹೋಗು ಎಂದು ಗೆಳೆಯ ಕ್ರಿಟೊ ಅಂಗಲಾಚುತ್ತಾನೆ. ಆಗ ಸಾಕ್ರಟೀಸ್ ಊರಿನ ಕಾನೂನುಗಳೇ ಎದುರು ಬಂದು ನಿಂತು ಮಾತಾಡುವಂತೆ ಕಲ್ಪಿಸಿಕೊಳ್ಳುತ್ತಾನೆ. ಅವುಗಳ ವಾದದ ಸಾರ ಇಷ್ಟು: ವಯಸ್ಸಿಗೆ ಬಂದ ಯಾವ ಅಥೆನ್ಸಿಗನಾದರೂ ತನ್ನ ಗಂಟುಮೂಟೆಯೊಂದಿಗೆ ಹೊರಟುಹೋಗಲು ನಾವು ಅಡ್ಡಿ ಮಾಡಿಲ್ಲ. ನೀನು ದಂಡಯಾತ್ರೆಗೆ ಹೋದದ್ದು ಬಿಟ್ಟರೆ ಊರು ಬಿಟ್ಟವನೇ ಅಲ್ಲ. ಉಳಿದದ್ದರಿಂದಲೇ ಒಪ್ಪಿದ್ದೀಯೆ.

ಈ ವಾದದಲ್ಲಿ ಒಂದು ದೋಷವಿದೆ, ಒಂದು ಸತ್ಯವೂ ಇದೆ. ದೋಷ ಏನೆಂದರೆ, ಉಳಿದವರೆಲ್ಲ ಒಪ್ಪಿ ಉಳಿದವರಲ್ಲ. ಬಸ್ಸಿನ ಚಾರ್ಜಿಗೇ ಪರದಾಡುವವನು ಊರಲ್ಲಿದ್ದಾನೆ ಎಂದರೆ ಅದು ಒಪ್ಪಿಗೆಯಲ್ಲ, ಬಡತನ. ಸತ್ಯ ಏನೆಂದರೆ, ಹೋಗುವ ಬಾಗಿಲು ತೆರೆದಿದ್ದರೆ ಮಾತ್ರ ಉಳಿಯುವುದಕ್ಕೆ ಬೆಲೆ. ಬಾಗಿಲು ಮುಚ್ಚಿದ ಮನೆಯಲ್ಲಿ ಕುಳಿತವನನ್ನು ನಿಷ್ಠಾವಂತ ಎನ್ನಲಾಗದು, ಕೈದಿ ಎನ್ನಬೇಕಾಗುತ್ತದೆ.

ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಅವರ ಹೆಸರನ್ನು ನಾವೆಲ್ಲ ಅಭಿಮಾನದಿಂದ ಹೇಳುತ್ತೇವೆ. 1947ರಲ್ಲಿ ಸೈನ್ಯವೂ ಇಬ್ಭಾಗವಾದಾಗ, ಬಲೂಚ್ ರೆಜಿಮೆಂಟಿನಲ್ಲಿದ್ದ ಅವರು ಭಾರತವನ್ನು ಆರಿಸಿಕೊಂಡರು. ನೌಶೇರಾವನ್ನು ಉಳಿಸಿದರು, ಕೈತಪ್ಪಿದ್ದ ಝಂಗಡವನ್ನು ಮರಳಿ ಗೆದ್ದರು. 1948ರ ಜುಲೈ 3ರಂದು ಅಲ್ಲಿಯೇ ಶೆಲ್ ದಾಳಿಗೆ ಬಲಿಯಾದರು. ಅವರ ಆಯ್ಕೆ ನಮ್ಮ ಮನಸ್ಸನ್ನು ತಟ್ಟುವುದು ಯಾಕೆ? ಇನ್ನೊಂದು ದಾರಿ ನಿಜವಾಗಿ ತೆರೆದಿತ್ತು, ಅದಕ್ಕೆ. ಅದೇ ಹೊತ್ತಿನಲ್ಲಿ ರಾಂಪುರದ ಸಾಹೇಬ್‌ಜಾದಾ ಮನೆತನದ ಇಬ್ಬರು ಅಣ್ಣತಮ್ಮಂದಿರಲ್ಲಿ ಯೂನುಸ್ ಖಾನ್ ಭಾರತದ ಸೈನ್ಯದಲ್ಲಿ ಉಳಿದರು, ಯಾಕೂಬ್ ಖಾನ್ ಪಾಕಿಸ್ತಾನದ ಸೈನ್ಯಕ್ಕೆ ಹೋದರು. ಒಂದೇ ದಸ್ತರಖ್ವಾನಿನಲ್ಲಿ ಉಂಡವರು. ಇಂಥ ಆಯ್ಕೆಯನ್ನು ರಕ್ತವಾಗಲಿ ಧರ್ಮವಾಗಲಿ ಮಾಡುವುದಿಲ್ಲ, ಒಬ್ಬೊಬ್ಬ ಮನುಷ್ಯ ತಾನೇ ಮಾಡುತ್ತಾನೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇಲ್ಲಿ ನಮಗೆ ಎರಡು ಮಾತುಗಳು ನೆನಪಾಗುತ್ತವೆ. ನಾವು ಚಿಕ್ಕವರಿದ್ದಾಗ ಉರ್ದು ಶಾಲೆಯಲ್ಲಿ 'ವತನ್' ಎಂಬ ಪದ ಕಲಿತೆವು. ಹುಟ್ಟಿದ ಊರು, ಹುಟ್ಟಿದ ನಾಡು ಎಂದು ಅರ್ಥ. ಮುಂದೆ ಕನ್ನಡ ಶಾಲೆಗೆ ಹೋದಾಗ ಅದೇ ಪದ ಬೇರೆ ಅಂಗಿ ತೊಟ್ಟು ಎದುರಾಯಿತು: 'ವತನ'. ಪಟೇಲಿಕೆ, ಶಾನುಭೋಗಿಕೆ, ತಳವಾರಿಕೆ ಮಾಡಿದ್ದಕ್ಕೆ ಬಿಟ್ಟುಕೊಟ್ಟ ಜಮೀನು, ಅದನ್ನು ಉಣ್ಣುವ ಹಕ್ಕು. ಉರ್ದುವಿನ ವತನ್ ಹುಟ್ಟಿನಿಂದ ಬರುವುದು, ಕನ್ನಡದ ವತನ ಚಾಕರಿಯಿಂದ ಬರುವುದು. ಗ್ರಾಮ ಹುದ್ದೆಗಳ ರದ್ದತಿ ಕಾನೂನು 1961ರಲ್ಲಿ ಬಂದು ಕನ್ನಡದ ವತನ ಕೊನೆಗೊಂಡಿತು. ಆದರೆ ಅದು ಮನಸ್ಸಿನಿಂದ ಹೋಯಿತೆ? ಈ ದೇಶದ ಮುಸಲ್ಮಾನರ ವತನ್ ಅನ್ನು ಬಹಳ ಜನ ಇವತ್ತಿಗೂ ಚಾಕರಿಯ ವತನವೆಂದೇ ತಿಳಿದಿದ್ದಾರೆ. ಏನು ಸೇವೆ ಮಾಡಿದ್ದೀರಿ ತೋರಿಸಿ, ಆಮೇಲೆ ಅನುಭೋಗಿಸಿ ಎಂಬ ಧಾಟಿ ಅದು.

ಹೇಳಲು ನಾಚಿಕೆಯಾಗುತ್ತದೆ, ಹಾಗೆ ತಿಳಿದವರಲ್ಲಿ ನಾವೂ ಇದ್ದೆವು. ಯಾವುದಾದರೂ ಸಭೆಯಲ್ಲಿ, ರೈಲಿನಲ್ಲಿ, ಯಾರಾದರೂ ಕೊಂಕು ಮಾತಾಡಿದರೆ ನಾವು ತಕ್ಷಣ ಹೇಳುತ್ತಿದ್ದೆವು: 'ನಮ್ಮ ಬೀದಿಯಲ್ಲೇ ಒಬ್ಬ ಹವಾಲ್ದಾರರಿದ್ದಾರೆ.' ಅವರ ಇಪ್ಪತ್ತೆರಡು ವರ್ಷಗಳನ್ನು ನಾವು ನಮ್ಮ ಜೇಬಿನ ಪ್ರಮಾಣಪತ್ರ ಮಾಡಿಕೊಂಡಿದ್ದೆವು. ಅವರು ಹೊರಟರೆ ನಮ್ಮ ಜೇಬು ಖಾಲಿ! 'ನೀವು ಹೋಗಬಾರದು' ಎಂದು ಅಷ್ಟು ಬೇಗ ಹೇಳಿದ್ದು ದೇಶಪ್ರೇಮದಿಂದಲ್ಲ, ಈ ಭಯದಿಂದ. ಅವರ ಮಗಳ ಓದು, ಹೆಂಡತಿಯ ಮನಸ್ಸು, ಮುಪ್ಪಿನ ತಾಯಿ, ಇದ್ಯಾವುದನ್ನೂ ನಾವು ಕೇಳಿರಲಿಲ್ಲ.

ಆ ಪ್ರಮಾಣಪತ್ರವಾದರೂ ನಡೆಯುವ ನಾಣ್ಯವೆ? 2019ರ ಮೇ ತಿಂಗಳಲ್ಲಿ ಅಸ್ಸಾಮಿನಲ್ಲಿ ಸುಮಾರು 30 ವರ್ಷ ಸೈನ್ಯದಲ್ಲಿ ದುಡಿದು ನಿವೃತ್ತರಾದ ಒಬ್ಬರನ್ನು ವಿದೇಶಿಯೆಂದು ಘೋಷಿಸಿ ಗೋಲ್‌ಪಾರಾದ ಬಂಧನ ಕೇಂದ್ರಕ್ಕೆ ಕಳಿಸಲಾಯಿತು. ಜೂನ್‌ನಲ್ಲಿ ಗೌಹಾತಿ ಹೈಕೋರ್ಟು ಜಾಮೀನು ಕೊಟ್ಟಿತು. ಅವರು ಸೈನಿಕರಾಗಿದ್ದರು ಎಂಬ ಕಾರಣಕ್ಕೆ ದೇಶವೆಲ್ಲ ಮರುಗಿತು. ಸೈನಿಕರಲ್ಲದೆ ಅದೇ ಕೇಂದ್ರದಲ್ಲಿದ್ದ ಗಾರೆಯವನಿಗೆ, ಗೇಣಿದಾರನಿಗೆ ಮರುಗಿದವರು ಎಷ್ಟು ಮಂದಿ? ಪೌರತ್ವವನ್ನು ಸೇವೆಯ ಕೂಲಿಯೆಂದು ಒಪ್ಪಿದರೆ ಈ ಗಾರೆಯವನನ್ನು ನಾವೇ ಕೈಬಿಟ್ಟಂತೆ.

ಹಾಗೆ ನೋಡಿದರೆ ಹವಾಲ್ದಾರರ ಮುಂದೆ ಎರಡು ತಪ್ಪು ದಾರಿಗಳಿವೆ. ಜನ ಏನೆಂದಾರೋ ಎಂದು ಉಳಿಯುವುದು ಒಂದು, ಜನ ಏನೋ ಅಂದರು ಎಂದು ಮುನಿದು ಹೋಗುವುದು ಇನ್ನೊಂದು. ಎರಡರಲ್ಲೂ ನಿರ್ಧಾರ ಅವರದಲ್ಲ, ಕೊಂಕು ಮಾತಾಡಿದವನದು. 1920ರಲ್ಲಿ ಖಿಲಾಫತ್ ಕಾಲದ ಹಿಜರತ್ ಕರೆಗೆ ಓಗೊಟ್ಟು ಸಾವಿರಾರು ಜನ ಮನೆಮಠ ಮಾರಿ ಅಫಘಾನಿಸ್ತಾನದ ಹಾದಿ ಹಿಡಿದರು. ಆವೇಶದಲ್ಲಿ ಹೊರಟವರನ್ನು ಆ ನಾಡು ಹೊರಲಾರದೆ ಬಾಗಿಲು ಮುಚ್ಚಿತು. ದಾರಿಯಲ್ಲಿ ಸತ್ತವರು ಸತ್ತರು, ಉಳಿದವರಲ್ಲಿ ಬಹುಮಂದಿ ಬರಿಗೈಯಲ್ಲಿ ಮರಳಿದರು. ಮುನಿಸು ಒಳ್ಳೆಯ ದಾರಿಕಾರನಲ್ಲ.

ಒಂದು ವಾರದ ಬಳಿಕ ನಾವೇ ಅವರ ಮನೆಗೆ ಹೋದೆವು. ಹಿಂದೆ ಹೇಳಿದ್ದನ್ನು ವಾಪಸು ಪಡೆಯುತ್ತೇವೆ ಎಂದೆವು. ಹೋಗುವುದರಿಂದ ನಿಮ್ಮ ನೌಕರಿ ಸುಳ್ಳಾಗುವುದಿಲ್ಲ. ಕಟ್ಟಿದ ಸೇತುವೆಯ ಮೇಲೆ ಇವತ್ತೂ ಲಾರಿಗಳು ಓಡಾಡುತ್ತಿವೆಯಲ್ಲ! ಆದರೆ ಒಂದು ಮಾತು ಮಾತ್ರ ನಿಮ್ಮ ಅಮಾನತ್ತು. ಕಸಂ ಪರೇಡಿನ ದಿನ ಕುರ್‌ಆನ್ ಮುಟ್ಟಿ ಸಂವಿಧಾನಕ್ಕೆ ನಿಷ್ಠನಾಗಿರುವೆ, ಪ್ರಾಣಕ್ಕೆ ಕುತ್ತು ಬಂದರೂ ಆಜ್ಞೆ ಪಾಲಿಸುವೆ ಎಂದು ಪ್ರಮಾಣ ಮಾಡಿದಿರಿ, ಅದನ್ನು ಪೂರೈಸಿ ಬಂದಿರಿ. ಅಲ್ಲಿ ಐದು ವರ್ಷದಲ್ಲಿ 1,095 ದಿನ ಕಳೆದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಆಗ ರಾಜ ಮೂರನೆಯ ಚಾರ್ಲ್ಸ್‌ಗೆ ನಿಷ್ಠನೆಂದು ಇನ್ನೊಂದು ಪ್ರಮಾಣ ಮಾಡಬೇಕು. ಅದನ್ನು ನಾಲಗೆಯಿಂದ ಮಾತ್ರ ಹೇಳಿಬಿಡೋಣ ಎನಿಸಿದರೆ ಬೇಡ. ಇಲ್ಲಿಯ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿ ದುಡಿಯಿರಿ, ಚುನಾವಣೆಗೆ ಬಂದು ಓಟು ಹಾಕಿರಿ. ಆ ನೆಲವೂ ನಿಮ್ಮದೆಂದು ಹೃದಯ ಒಪ್ಪಿದ ದಿನ ಬಂದರೆ, ಆ ದಿನ ಹೇಳಿರಿ. ಸುಳ್ಳು ಪ್ರಮಾಣ ಎರಡೂ ದೇಶಗಳಿಗೆ ಮಾಡುವ ದ್ರೋಹ.

ಅವರು ನಕ್ಕರು. 'ನಮ್ಮಜ್ಜ ಎರಡನೇ ಮಹಾಯುದ್ಧದಲ್ಲಿ ಈ ರಾಜರ ಅಜ್ಜನಿಗೇ ಸಲಾಮು ಹೊಡೆದಿದ್ದರು. ಹೊಟ್ಟೆಪಾಡಿಗೆ. ಅವರನ್ನು ಯಾರೂ ಏನೂ ಕೇಳಲಿಲ್ಲ.' ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಾನು ಕೇಳಿಕೊಳ್ಳುತ್ತಿದ್ದೇನೆ. ಅಷ್ಟಾದರೂ ಮುಂದೆ ಬಂದಿದ್ದೇವೆ' ಎಂದರು.

ಕಾಗದದ ಕಟ್ಟು ಇನ್ನೂ ಟ್ರಂಕಿನ ಮೇಲೇ ಇದೆ. ಅವರು ಹೋಗುತ್ತಾರೋ ಉಳಿಯುತ್ತಾರೋ ನಮಗೆ ಗೊತ್ತಿಲ್ಲ. ನಾವು ಕೇಳುವುದನ್ನೂ ಬಿಟ್ಟಿದ್ದೇವೆ. ಮೊನ್ನೆ ರೈಲಿನಲ್ಲಿ ಒಬ್ಬರು ನಮ್ಮ ಹೆಸರು ಕೇಳಿ, ಸ್ವಲ್ಪ ತಡೆದು, 'ನೀವು ಮೂಲತಃ ಎಲ್ಲಿಯವರು?' ಎಂದರು. ಹವಾಲ್ದಾರರ ಹೆಸರು ನಾಲಗೆಯ ತುದಿಗೆ ಬಂತು. ನುಂಗಿಕೊಂಡೆವು. 'ಇಲ್ಲಿಯವರೇ' ಎಂದಷ್ಟೇ ಹೇಳಿ ಕಿಟಕಿಯ ಕಡೆ ಸ್ವಲ್ಪ ಸರಿದು ಅವರಿಗೂ ಕೂರಲು ಜಾಗ ಮಾಡಿದೆವು.